ಅವ್ವನಿಗೆ ಕೇಳಿಸಬೇಕಿದ್ದ ದನಿ

ಮೊನ್ನೆ ಅಟ್ಟ ಗುಡಿಸುವಾಗ ಒಂದು ಪುಟ್ಟ ಸ್ಪೀಕರ್ ಕೈಗೆ ಸಿಕ್ಕಿತು. ಅದರ ಮುಂಭಾಗಕ್ಕೆ ಹಳೆಯ ವಾಯಿಲ್ ಸೀರೆಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ದನಿ ಸ್ವಲ್ಪ ಮೆತ್ತಗಾಗಲಿ ಎಂದು ಹಾಗೆ ಸುತ್ತಿದವರು ನಮ್ಮ ಮೇಡಂ...

ಹೊನ್ನಾಳಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾವಿಬ್ಬರೂ ಕಲಿಸುತ್ತಿದ್ದೆವು. ನಾನು ನ್ಯಾಮತಿಯಿಂದ ಬಸ್ಸಿಗೆ ಹೋಗಿಬರುತ್ತಿದ್ದೆ. ಅವರು ಹಿಂದಿನ ಬೀದಿಯಲ್ಲೇ ರೂಮು ಮಾಡಿಕೊಂಡಿದ್ದರು. ಪ್ರೋಗ್ರಾಂ ಕಲಿಸಲು ಅವರು ಬಳಸುತ್ತಿದ್ದುದು ಟೆಕ್ಸ್ಟ್ ಎಡಿಟರ್ ಎಂಬ, ಬರೆದು ತಿದ್ದುವ ಒಂದು ತಂತ್ರಾಂಶ; ಅದನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಿತ್ತು. ಮೇಲೆ ಬರೆದು ಒಂದು ಕೀ ಒತ್ತಿದರೆ ಸ್ಕ್ರಿಪ್ಟ್ ಎಂಬ ಬೇರೊಂದು ಪುಟ್ಟ ಪ್ರೋಗ್ರಾಂ ಓಡಿ, ಅದರ ಫಲಿತಾಂಶ ಕೆಳಗಿನ ಚೌಕದಲ್ಲಿ ಮೂಡುತ್ತಿತ್ತು. "ಕೆಳಗೇನು ಬಂದೈತೆ, ಮೊದ್ಲು ಅದನ್ನ ಓದ್ರಿ" ಎಂದು ಮೇಡಂ ಹೇಳಿದರೆ ಪಕ್ಕದ ಟೈಲರ್ ಅಂಗಡಿಗೂ ಕೇಳುತ್ತಿತ್ತು.

ಆಮೇಲೆ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಟಕ್ಕೆಂದು ಕುತ್ತಿಗೆಯ ಬುಡದಲ್ಲಿ ತೂತು ಮಾಡಿದ್ದರು. ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಂಡು ಮೇಡಂ ಮತ್ತೆ ಕೆಲಸಕ್ಕೆ ಬಂದರು.

ಅವರ ತಾಯಿ ಇದ್ದದ್ದು ಜಗಳೂರು ಕಡೆಯ ಸೊಕ್ಕೆಯಲ್ಲಿ, ಮಗನ ಜೊತೆ. ಆಕೆಗೆ ಓದು ಬರದು. ಮಗಳಿಗೆ ಗಂಟಲುನೋವು, ವಾಸಿಯಾದ ಮೇಲೆ ಮಾತಾಡುತ್ತಾಳೆ ಎಂದಷ್ಟೇ ಮಗ ಹೇಳಿದ್ದನಂತೆ. ಫೋನಿನಲ್ಲಿ ಮಗಳ ದನಿ ಕೇಳದೆ ವಾರಗಳೇ ಕಳೆದಿದ್ದವು.

ಮೇಡಂ ಒಂದು ಸ್ಕ್ರಿಪ್ಟ್ ಬರೆಯಲು ಕೂತರು. ಎಡಿಟರಿನಲ್ಲಿ ಕನ್ನಡದ ಸಾಲು ಬರೆದು ಕೀ ಒತ್ತಿದರೆ, ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಬೇಕು. ಮೊದಲ ಸಲ ದನಿಯೇ ಬರಲಿಲ್ಲ. ಕೆಳಗಿನ ಚೌಕದಲ್ಲಿ ಅಕ್ಷರಗಳ ಬದಲು ಬರೀ ಪ್ರಶ್ನೆಯ ಗುರುತುಗಳು. ತಿದ್ದಿದರು, ಓಡಿಸಿದರು, ಮತ್ತೆ ತಿದ್ದಿದರು. ಕೊನೆಗೊಂದು ದಿನ ಸ್ಪೀಕರಿನಿಂದ ಯಾರೋ ಹೆಂಗಸು "ಅವ್ವ, ನಾನು" ಅಂದಂತಾಯಿತು. ಮೇಡಂ ನನ್ನ ಕೈ ಹಿಡಿದುಕೊಂಡರು.

ಭಾನುವಾರ ಸೊಕ್ಕೆಗೆ ಫೋನು ಹಚ್ಚಿ, ನಾನು ಅದನ್ನು ಸ್ಪೀಕರಿನ ಹತ್ತಿರ ಹಿಡಿದೆ. ಮೇಡಂ ಕೀ ಒತ್ತಿದರು. ಆ ಕಡೆಯಿಂದ ತಾಯಿ ಕೇಳಿದರು:

"ಯಾರವ್ವ ನೀನು? ನನ್ನ ಮಗಳಿಗೆ ಕೊಡು ಫೋನು."

ನಾನೇ ಅವ್ವ, ಎಂದು ಮೇಡಂ ಬೆರಳಚ್ಚಿಸಿದರು. ಸ್ಪೀಕರ್ ಹೇಳಿತು.

"ನನ್ನ ಮಗಳು ಹಿಂಗೆ ಮಾತಾಡಲ್ಲ. ಅವಳು ಸತ್ತೋಗ್ಯಾಳೇನು? ನನ್ನ ಹತ್ರ ಮುಚ್ಚಿಡಬ್ಯಾಡ್ರಿ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಮೇಡಂ ಪರದೆಯನ್ನೇ ನೋಡುತ್ತಿದ್ದರು. ಸ್ಕ್ರಿಪ್ಟ್ ಯಾವ ದೋಷವೂ ಇಲ್ಲದೆ ಮುಗಿದಿದೆ ಎಂದು ಕೆಳಗಿನ ಚೌಕ ತೋರಿಸುತ್ತಿತ್ತು.

ಅವತ್ತೇ ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಹಿಡಿದುಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಸೊಕ್ಕೆ ತಲುಪಿದಾಗ ತಾಯಿ ಬಾಗಿಲಲ್ಲೇ ಕೂತಿದ್ದರು. ಮಗಳನ್ನು ಕಂಡು ಎದ್ದು ಬಂದವರು ಮುಖ ಸವರಿದರು, ಆಮೇಲೆ ಕುತ್ತಿಗೆಯ ಬಟ್ಟೆ ಮೆಲ್ಲಗೆ ಎತ್ತಿ ನೋಡಿದರು. ಅಳಲಿಲ್ಲ. ಮೇಡಂ ಗಡಿಬಿಡಿಯಿಂದ ಲ್ಯಾಪ್‌ಟಾಪ್ ತೆರೆದು ಬೆರಳಚ್ಚಿಸತೊಡಗಿದರು. ನೋವಿಲ್ಲ ಅವ್ವ, ಎಂದಿತು ಸ್ಪೀಕರ್. ತಾಯಿ ಮಗಳ ಬೆರಳುಗಳ ಮೇಲೆ ಕೈ ಇಟ್ಟು ತಡೆದರು.

"ಅದು ಬ್ಯಾಡ ಬಿಡು. ನೀನು ಸುಮ್ನೆ ಕುಂತಿರು. ನಾನು ಮಾತಾಡ್ತೀನಿ."

ಬಸ್ಸಿನ ಹೊತ್ತಾಗುವವರೆಗೆ ಆಕೆ ಮಾತಾಡುತ್ತಲೇ ಇದ್ದರು. ಈದ ಎಮ್ಮೆ, ಪಕ್ಕದ ಮನೆಯ ಜಗಳ, ಮಗಳು ಸಣ್ಣವಳಿದ್ದಾಗ ಮಾಡಿದ ಹಟ... ಮೇಡಂ ಆಕೆಯ ತೊಡೆಗೆ ಆತು ಕೂತು ಕೇಳಿದರು. ನಗು ಬಂದಾಗ ಅವರ ಭುಜ ಮಾತ್ರ ಕುಲುಕುತ್ತಿತ್ತು.

ಕಾಯಿಲೆ ಮರುಕಳಿಸಿತು. ಮುಂದಿನ ಮಳೆಗಾಲ ಬರುವ ಮೊದಲೇ ಮೇಡಂ ಹೋದರು. ಆ ಸ್ಪೀಕರ್ ನನ್ನ ಬಳಿಯೇ ಉಳಿಯಿತು.

ಈಗ ನಾನು ನ್ಯಾಮತಿಯಲ್ಲೇ ಕಲಿಸುತ್ತೇನೆ, ಅದೇ ಎಡಿಟರಿನಲ್ಲಿ. ಮೇಡಂ ಹೇಳಿಕೊಟ್ಟದ್ದೆಲ್ಲ ನೆನಪಿದೆ. ಅವರ ದನಿಯನ್ನು ಮಾತ್ರ ನಾವ್ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಅದು ಹೇಗಿತ್ತೆಂದು ನೆನೆಯಲು ಕೂತರೆ ನನ್ನ ಕಿವಿಗೆ ಆ ಯಂತ್ರದ ಹೆಂಗಸೇ ಬರುತ್ತಾಳೆ. ಅವರ ತಾಯಿಗೆ ನಿಜವಾದ ದನಿ ಇನ್ನೂ ಕೇಳಿಸುತ್ತಿರಬಹುದು... ಸೊಕ್ಕೆಗೆ ಹೋಗಿ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.