ಮುತ್ಯಾನ ಮಣ್ಣು

ನಾವು ಏಳನೇ ಇಯತ್ತೆ ಓದುವ ಕಾಲಕ್ಕೆ ಭೂಗೋಳ ಕಲಿತರೆ ಕೈ ಹೊಲಸಾಗುತ್ತಿತ್ತು. ಮೊಬೈಲಿನ ಮೇಲೆ ಬೆರಳಾಡಿಸಿ ಸಹ್ಯಾದ್ರಿ ದಾಟುವ ಭಾಗ್ಯ ನಮ್ಮದಾಗಿರಲಿಲ್ಲ. ಮಾಗಿಯ ಚಳಿ, ಹೊಲದ ಕಡೆಯಿಂದ ಜೋಳದ ಎಳೆ ತೆನೆಯ ಸೀತನಿ ಸುಡುವ ಘಮ, ಲಂಗದ ಜೇಬಿನಲ್ಲಿ ಹುರಿದ ಶೇಂಗಾ. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಭೂಗೋಳದ ಸರ್ ಶಾಲೆಯ ಹಿತ್ತಲಲ್ಲಿ ಇಟ್ಟಂಗಿ ಜೋಡಿಸಿ ಒಂದು ದೊಡ್ಡ ಚೌಕ ಮಾಡಿದರು. ಅದರೊಳಗೆ ಹುಕ್ಕೇರಿ, ಗೋಕಾಕ, ಮೂಡಲಗಿಯ ನೆಲವನ್ನೆಲ್ಲ ಮಣ್ಣಿನ ನಕಾಶೆಯಾಗಿ ಎಬ್ಬಿಸುವುದು ಅವರ ಹಂಚಿಕೆ. ತಪಾಸಣೆಗೆ ಸಾಹೇಬರು ಬರುವವರಿದ್ದರು.

"ಎಲ್ಲಾರೂ ನಿಮ್ಮ ನಿಮ್ಮ ಹೊಲದ ಮಣ್ಣು ತರ್ರಿ," ಎಂದರು ಸರ್. "ಬ್ಯಾರೆ ಊರಾಗ ಬೀಗರಿದ್ದರ ಅಲ್ಲಿಂದೂ ತರ್ರಿ. ಆದರ ಮಂದಿ ಹೊಲದ್ದು ತಂದು ನಮ್ಮದು ಅನಬ್ಯಾಡ್ರಿ. ಸುಳ್ಳು ಭೂಗೋಳ ಆಕ್ಕೈತಿ."

ನಾನು ಮನೆಗೆ ಓಡಿದೆ. ನಮ್ಮ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅಪ್ಪ ಗೋಡೆಗೆ ಬುದ್ಧನ ಫೋಟೊ ಹಾಕಿದ್ದ, ನನಗೆ ಸುಜಾತಾ ಎಂದು ಹೆಸರಿಟ್ಟಿದ್ದ. ಊರಿನವರಿಗೆ ಮಾತ್ರ ನಾವು ಹಳೆಯ ಹೆಸರಿನವರೇ. ಅಪ್ಪನ ಅವ್ವ, ನಮ್ಮ ಆಯಿ, ಗೌಡರ ಹೊಲದಲ್ಲಿ ಕಳೆ ತೆಗೆದು ಬಂದು ರೊಟ್ಟಿ ಬಡಿಯುತ್ತಿದ್ದಳು.

"ಆಯಿ, ನಮ್ಮ ಹೊಲ ಎಲ್ಲೈತಿ?"

ಅವಳ ಕೈ ನಿಂತಿತು. ಆಮೇಲೆ ರೊಟ್ಟಿಯನ್ನು ತಿರುವಿ ಹಾಕಿ, "ನಿಮ್ಮ ಮುತ್ಯಾ ಮಲಕೊಂಡಾನಲ್ಲ, ಹಳ್ಳದ ದಂಡಿಗೆ, ಅದ ನಮ್ಮ ಹೊಲ," ಎಂದಳು. "ಕೇರಿ ಮಂದಿ ಹೆಸರಿಲೆ ಇರೂದು ಅದೊಂದ. ಬಿತ್ತೂದು ಐತಿ, ಬೆಳಿ ಬರಾಂಗಿಲ್ಲ." ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನನಗೆ ನಗುವಂಥದ್ದೇನೂ ಕಾಣಲಿಲ್ಲ. ನಮ್ಮದೂ ಒಂದು ಹೊಲ ಇದೆಯಲ್ಲ ಎಂದು ಜೀವ ಹಗುರಾಯಿತು. ಎಣ್ಣೆಯ ಖಾಲಿ ಡಬ್ಬಿ ಹಿಡಿದು ಹಳ್ಳದ ದಂಡೆಗೆ ಹೋಗಿ, ಮುತ್ಯಾನ, ಅಂದರೆ ನನ್ನ ಅಜ್ಜನ, ಗೋರಿಯ ತಲೆದೆಸೆಯಿಂದ ಬೊಗಸೆ ಬೊಗಸೆ ತುಂಬಿಕೊಂಡೆ. ಮಳೆಗಾಲದ ಹಳ್ಳ ಹರವಿ ಹೋದ ಮೆಕ್ಕಲು ಮಣ್ಣು ಅದು, ಪುಟಾಣಿ ಹಿಟ್ಟಿನಂತೆ ಮೆತ್ತಗಿತ್ತು.

ಮರುದಿನದಿಂದ ಹಿತ್ತಲಲ್ಲಿ ಹಬ್ಬ. ಗೋಕಾಕದ ಅತ್ತೆಯ ಮನೆಯಿಂದ ಒಬ್ಬಳು ಗುಡ್ಡದ ಕೆಂಪು ಮಣ್ಣು, ಜೊತೆಗೆ ಹರಳುಕಲ್ಲು ತಂದಳು. ಮೂಡಲಗಿಯ ಸೋದರಮಾವನ ಹೊಲದ ಎರೆಮಣ್ಣು ಹೊತ್ತು ಬಂದವನ ಬೆರಳಿಗೆ ಅದು ಬಿಟ್ಟರೂ ಬಿಡದಂತೆ ಅಂಟಿಕೊಂಡಿತ್ತು. ದಡ್ಡಿ ಊರ ಕಡೆಯ ಹುಡುಗ ಹೊಳೆಯ ಉಸುಕು ತಂದ. ಪಡುವಣಕ್ಕೆ ಮಳೆ ಹೆಚ್ಚು, ಅಲ್ಲಿ ಭತ್ತ. ಮೂಡಲಕ್ಕೆ ಸರಿದಂತೆ ಮಳೆ ಸೊರಗಿ ಜೋಳ. ಪಡುವಣಕ್ಕೆ ಹತ್ತರಗಿಯ ಹೆದ್ದಾರಿ ದಾಟಿದರೆ ಮಾತಿನಲ್ಲಿ ಮರಾಠಿ ಬೆರೆಯುತ್ತದೆ. ಸರ್ ಎಲ್ಲವನ್ನೂ ಹೇಳುತ್ತ ಹೋದ ಹಾಗೆ ನಾವು ಕಟ್ಟುತ್ತ ಹೋದೆವು. ಗೌಡರ ಮಗ ಶಿವಗೌಡ ಮಾತ್ರ ಹಿತ್ತಾಳೆ ತಾಟಿನಲ್ಲಿ ಮಣ್ಣು ತಂದು, ಅದನ್ನು ಯಾವುದರಲ್ಲೂ ಬೆರೆಸಗೊಡದೆ ನಮ್ಮೂರಿನ ಜಾಗದಲ್ಲಿ ಬೇರೆಯಾಗಿ ಇಟ್ಟ.

ನನ್ನ ಡಬ್ಬಿಯ ಮಣ್ಣನ್ನು ಸರ್ ಅಂಗೈಯಲ್ಲಿ ಹಿಚುಕಿ ನೋಡಿದರು. "ಯಾರ ಹೊಲದ್ದು ಇದು? ಬಾಳ ಚಲೋ ಐತಿ."

"ನಮ್ಮದ್ರಿ ಸರ."

ಒಣಗಿದರೂ ಬಿರಿಯದ ಮಣ್ಣೆಂದು ಅವರು ಅದರಿಂದಲೇ ಘಟಪ್ರಭೆಯ ಎರಡೂ ದಂಡೆ ಕಟ್ಟಿಸಿದರು. ಎಲ್ಲರೂ ಸೇರಿ ಕಲಸಿದರು, ತುಳಿದರು, ಒಬ್ಬರ ಗಲ್ಲಕ್ಕೊಬ್ಬರು ಹಚ್ಚಿದರು. ಉಳಿದ ಹಸಿ ಮಣ್ಣಿನಲ್ಲಿ ಪಾದ ಹುಗಿದು ಗುಬ್ಬಿಮನೆ ಮಾಡಿದೆವು. ಅಲ್ಲಿಯವರೆಗೆ ನನ್ನ ಕೈಯಿಂದ ಏನನ್ನೂ ಇಸಿದುಕೊಳ್ಳದ ಹುಡುಗಿಯರು ನನ್ನ ಜೇಬಿಗೆ ಕೈ ಹಾಕಿ ಶೇಂಗಾ ತಿಂದರು. ಆ ಕೆಲವು ದಿನ ನಾನು ಆ ಶಾಲೆಯ ಹುಡುಗಿಯಾಗಿದ್ದೆ. ಹೊಳೆಗೆ ನೀರು ಹನಿಸುವ ಚರಗಿಯನ್ನೂ ಸರ್ ನನ್ನ ಕೈಗೇ ಕೊಟ್ಟಿದ್ದರು.

ಸಾಹೇಬರು ಬಂದರು. ಒಬ್ಬೊಬ್ಬರೂ ತಮ್ಮ ಮಣ್ಣಿನ ಹಿಂದೆ ನಿಂತು ಹೇಳಬೇಕು. ಶಿವಗೌಡನ ಪಾಳಿ ಬಂದಾಗ ಅವನು ಎದೆ ಸೆಟೆಸಿ, "ಇದು ನಮ್ಮ ಮುತ್ಯಾನ ಗದ್ದಿಗಿ ಮುಂದಿನ ಮಣ್ರಿ," ಎಂದ. ಗೌಡರ ಮನೆಯಲ್ಲಿ ಸತ್ತವರನ್ನು ಅವರ ಹೊಲದಲ್ಲೇ ಕೂಡ್ರಿಸಿ ಹೂಳಿ ಗದ್ದುಗೆ ಕಟ್ಟುತ್ತಾರೆ. ಸಾಹೇಬರು ಬೂಟು ಕಳಚಿ, ಬಗ್ಗಿ, ಆ ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹೆಡ್‌ಮಾಸ್ತರರೂ ಒತ್ತಿಕೊಂಡರು.

ಹಾಗೆ ಹೇಳುವುದು ರೀತಿ ಎಂದುಕೊಂಡೆ. ನನಗೂ ಅಜ್ಜನಿದ್ದನಲ್ಲ. ಸಾಹೇಬರು ನಾನು ನೀರು ಹನಿಸುವ ಹೊಳೆಯ ದಂಡೆ ಸವರಿ, "ಭಾಳ ನುಣುಪ ಐತಲ್ಲ," ಎಂದಾಗ ನಾನೂ ಎದೆ ಸೆಟೆಸಿದೆ.

"ಇದೂ ನಮ್ಮ ಮುತ್ಯಾನ ಮಣ್ಣರಿ. ಹಳ್ಳದ ದಂಡಿ ಮ್ಯಾಲಿನ ನಮ್ಮ ಸುಡಗಾಡಿಂದು."

ಸಾಹೇಬರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಒಬ್ಬಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳತೊಡಗಿದಳು, ನಂತರ ಎಲ್ಲರೂ. ಸಾಹೇಬರು ನೀರು ಕೇಳಿದರು. ನನ್ನ ಕೈಯ ಚರಗಿಯಲ್ಲಿ ನೀರಿತ್ತು, ಅದು ಯಾರಿಗೂ ಬೇಕಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರ ತಾಯಂದಿರು ಬಂದರು. ಮಕ್ಕಳನ್ನು ಬೋರಿಂಗಿನ ಕೆಳಗೆ ಕೂಡ್ರಿಸಿ ತೊಳೆದರು. ದಿನಾ ಪ್ರಾರ್ಥನೆಯಲ್ಲಿ ವಚನ ಹೇಳಿಸಿ, ಸಾವಿನ ಸೂತಕವೆಂಬುದೇ ಸುಳ್ಳು ಎಂದು ಅರ್ಥ ಬಿಡಿಸುತ್ತಿದ್ದ ಸರ್ ಕೂಡ ಮೊಣಕೈತನಕ ಸಾಬೂನು ಹಚ್ಚಿ ಎರಡು ಸಲ ತೊಳೆದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೊಡೆಯುತ್ತಾರೆಂದು ಕಾದೆ. ಹೊಡೆದಿದ್ದರೆ ಮರೆಯುತ್ತಿದ್ದೆ.

"ಹೇಳೂದು ಏನ ಬೇಕಾಗಿತ್ತು ನಿನಗ?" ಎಂದರು ಸರ್ ಮೆಲ್ಲಗೆ. "ನಮ್ಮದು ಅಂದಿದ್ದಿ. ಅಷ್ಟ ಸಾಕಿತ್ತು."

ನನ್ನ ಮಣ್ಣಷ್ಟನ್ನೇ ತೆಗೆಸಬೇಕೆಂದು ಊರವರಿಗಿತ್ತು. ಅದು ಹೊಳೆಯುದ್ದಕ್ಕೂ ಎಲ್ಲರ ಮಣ್ಣಿನೊಳಗೆ ಬೆರೆತುಹೋಗಿತ್ತು. ಹಾಗಾಗಿ ಶಿವಗೌಡನ ಮಣ್ಣನ್ನು ಜೋಪಾನವಾಗಿ ಹಿತ್ತಾಳೆ ತಾಟಿಗೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಬಳಿಯುವುದೆಂದಾಯಿತು. ಬಳಿಯುವವರು ಯಾರು? ಗೌಡರ ಹೊಲಕ್ಕೆ ಆಳು ಓಡಿ ಆಯಿಯನ್ನು ಕರೆತಂದ. ಕಳೆ ತೆಗೆಯುವ ಕುರ್ಪಿ ಇನ್ನೂ ಅವಳ ಸೊಂಟದಲ್ಲಿತ್ತು. ನಡೆದದ್ದನ್ನು ಕೇಳಿಕೊಂಡು ಸೆರಗು ಸಿಕ್ಕಿಸಿದಳು. ಗೋಕಾಕದ ಗುಡ್ಡ, ಮೂಡಲಗಿಯ ಎರೆ, ದಡ್ಡಿಯ ಉಸುಕು, ಎಲ್ಲವನ್ನೂ ಬುಟ್ಟಿಗೆ ತುಂಬಿದಳು. ನಾನು ಒಂದು ಸಣ್ಣ ಬುಟ್ಟಿ ಹೊತ್ತೆ. ಎಷ್ಟೋ ಸಲ ಹೋಗಿ ಬಂದೆವು. ಕೊನೆಯ ಬುಟ್ಟಿಯನ್ನು ಅಜ್ಜನ ಗೋರಿಯ ಮೇಲೆ ಸುರುವಿ ಆಯಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ತಗೋ ಮುದುಕಾ," ಎಂದಳು. "ಬದುಕಿದ್ದಾಗ ಒಂದ ಗುಂಟೆ ಗಳಿಸಲಿಲ್ಲ. ಈಗ ಮೂರ ಸೀಮಿ ಬಂದಾವ ನಿನ್ನ ಮ್ಯಾಲ."

ಅವಳು ನಕ್ಕಳು. ನಾನು ಅತ್ತೆ. ಮುಂದಿನ ವರ್ಷದಿಂದ ಸರ್ ಪಾಠಕ್ಕೆ ಗೋಡೆಯ ನಕಾಶೆಯನ್ನೇ ತೂಗುಹಾಕಿದರು. ಹಸಿರು, ಹಳದಿ, ಕಂದು ಬಣ್ಣದ ಕಾಗದ ಅದು, ಯಾರ ಕೈಗೂ ಏನೂ ಹತ್ತುತ್ತಿರಲಿಲ್ಲ.

ಈಗ ಗೋಕಾಕದಲ್ಲಿ ನಾನೇ ಭೂಗೋಳ ಕಲಿಸುತ್ತೇನೆ. ಪಗಾರವಿದೆ, ಸ್ವಂತ ಮನೆಯಿದೆ, ಪಾಲಕರು ಎದ್ದು ನಿಂತು ಟೀಚರ್ ಅನ್ನುತ್ತಾರೆ. ಕಲಿತರೆ ಎಲ್ಲ ಸಿಗುತ್ತದೆ ಎಂದು ನಂಬುವವರು ನನ್ನನ್ನು ತೋರಿಸಿ ಮಾತಾಡುವುದೂ ಉಂಟು. ಊರಿನಲ್ಲಿ ಏನು ಹೋಯಿತೆಂದು ಅವರಿಗೆ ಗೊತ್ತಿಲ್ಲ. ಕಾಲುವೆಯ ನೀರು ಬಂದ ಮೇಲೆ ಹಳ್ಳದ ಬದಿಯ ಹೊಲಕ್ಕೆ ಬೆಲೆ ಬಂತು. ಶಿವಗೌಡನ ಟ್ರ್ಯಾಕ್ಟರು ವರ್ಷಕ್ಕೊಂದು ಸಾಲು ನಮ್ಮ ಗೋರಿಗಳ ಕಡೆ ಸರಿಯಿತು. ಅಪ್ಪ ಅರ್ಜಿ ಕೊಟ್ಟು ಕೊಟ್ಟು ಸೋತ. ಹಾಗೇ ಅಜ್ಜನ ಮೇಲೆ ಕಬ್ಬು ಬಂತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಯಿ ತೀರಿಕೊಂಡಳು. ಅವಳನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಗಂಡನ ಪಕ್ಕದಲ್ಲೇ ಇಡಬೇಕೆಂದು ಅವಳ ಆಸೆ. ನಮ್ಮದೇ ನೆಲದಲ್ಲಿ ಒಂದು ಕುಣಿ ತೋಡಲು ಅಪ್ಪ ಮತ್ತು ನಾನು ಶಿವಗೌಡನ ಅಪ್ಪಣೆ ಕೇಳಲು ಹೋದೆವು. ಅವನು ಕುರ್ಚಿ ಹಾಕಿಸಿದ, ಕಾಗದದ ಕಪ್ಪಿನಲ್ಲಿ ಚಹಾ ತರಿಸಿದ. ಮಾತಿನಲ್ಲಿ ಏನೂ ಕಡಿಮೆ ಮಾಡಲಿಲ್ಲ.

"ಸುಜಾತಾ, ನಾವು ನೀವು ಒಂದ ಸಾಲ್ಯಾಗ ಕಲತವರು. ನಾ ಇಲ್ಲ ಅನ್ನಾಂಗಿಲ್ಲ," ಎಂದ. "ಆದರ ಕಬ್ಬು ನಿಂತೈತಿ ನೋಡ್ರಿ. ಫ್ಯಾಕ್ಟರಿ ಗಾಡಿ ಬಂದು ಕಡದು ಒಯ್ಯಲಿ, ಆಮ್ಯಾಲ ಬರ್ರಿ."

ಅಪ್ಪ "ಆತ್ರಿ ಗೌಡ್ರ" ಎಂದು ಎದ್ದ. ಆಯಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಒಯ್ದು ಸುಟ್ಟೆವು. ನಮ್ಮ ಮನೆತನದಲ್ಲಿ ಅಲ್ಲಿಯತನಕ ಯಾರನ್ನೂ ಸುಟ್ಟಿರಲಿಲ್ಲ.