ಸಮ್ಮತವೇ ಎಂದು ಕೇಳಿದರು

ಹಕ್ಕು ಎಂಬ ಮಾತು ನಮ್ಮ ಮನೆಯ ಹೆಂಗಸರ ಕಿವಿಗೆ ಬೀಳುತ್ತಿದ್ದುದು ಒಂದೇ ಸಲ, ಅದನ್ನು ಬಿಟ್ಟುಕೊಡುವ ದಿನ. ನನಗೆ ಆ ದಿನ ಹತ್ತೊಂಬತ್ತನೇ ವಯಸ್ಸಿಗೇ ಬಂತು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹೊಸೂರು ಸೀಮೆಯ ನಮ್ಮೂರು ಉದ್ದನಪಲ್ಲಿಯಲ್ಲಿ ಅವರ ಪಾಲಿಗಿದ್ದ ಹೊಲವನ್ನು ನನ್ನಿಂದ ಬರೆಸಿಕೊಳ್ಳಲು ಗಂಡನ ಅಣ್ಣ, ನನ್ನ ಬಾವ, ತುದಿಗಾಲಲ್ಲಿ ನಿಂತಿದ್ದರು.

ಆಗ ನಾನು ಸಂತೆಯ ದಿನ ಹೊಲಿಗೆ ಕಲಿಯಲು ಕೆಲಮಂಗಲದ ಟೀಚರಮ್ಮನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಸೂಜಿಗಿಂತ ಪೇಪರು ಹಿಡಿದದ್ದೇ ಹೆಚ್ಚು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶದೇಶದವರು ಕೂತು, ಮನುಷ್ಯರಾಗಿ ಹುಟ್ಟಿದವರಿಗೆಲ್ಲ ಇರುವ ಹಕ್ಕುಗಳನ್ನು ಬರೆದರೆಂದು ತಮಿಳು ಪತ್ರಿಕೆಯಲ್ಲಿ ಬಂದಿತ್ತು. ಟೀಚರಮ್ಮ ಒಂದೊಂದನ್ನೂ ಓದಿ ನಮ್ಮಿಂದ ಕನ್ನಡದಲ್ಲಿ ಬರೆಸಿದರು. ಗಂಡನ ಪಾಲು ವಿಧವೆಗೆ ಸೇರುತ್ತದೆ ಎನ್ನುವ ನಮ್ಮದೇ ಕಾನೂನನ್ನೂ ಬಿಡಿಸಿ ಹೇಳಿದರು.

ಹಕ್ಕು ಎಲ್ಲರಿಗೂ ಇದೆಯಂತೆ ಎಂದು ಮಾವನಿಗೆ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತ ನಕ್ಕರು.

“ಹಕ್ಕು ಅಂದ್ರೆ ಒಬ್ಬನಿಗಿದ್ದು ಇನ್ನೊಬ್ಬನಿಗೆ ಇಲ್ದೆ ಇರೋದು ಕಣಮ್ಮ. ಎಲ್ಲಾರ್ಗೂ ಇದ್ಬುಟ್ರೆ ಅದೆಂಗೆ ಹಕ್ಕಾಯ್ತದೆ?”

 

ಮುಂದಿನ ವಾರ ಬಾವ ನನ್ನನ್ನು ಹೊಸೂರಿನ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಹೆಬ್ಬೆರಳಿಗೆ ಮಸಿ ಹಚ್ಚಿಸಿದರು. ನನಗೆ ಸಹಿ ಮಾಡಲು ಬರುತ್ತದೆ ಎಂದೆ.

“ಸುಮ್ಕಿರಮ್ಮ, ಹೊತ್ತಾಯ್ತದೆ” ಎಂದರು.

ರಿಜಿಸ್ಟ್ರಾರರು ತಲೆ ಎತ್ತದೆ, ಎಲ್ಲರನ್ನೂ ಕೇಳುವುದನ್ನೇ ತಮಿಳಿನಲ್ಲಿ ನನ್ನನ್ನೂ ಕೇಳಿದರು: “ಸಮ್ಮದಮಾ, ಅಮ್ಮಾ?”

ಸಮ್ಮತವೇ ಎಂದು! ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ಮದುವೆಯಲ್ಲೂ ಕೇಳಿರಲಿಲ್ಲ. ಆ ಮನುಷ್ಯ ಕಾಟಾಚಾರಕ್ಕೇ ಕೇಳಿರಲಿ, ಅವರಿಂದ ಆ ಪ್ರಶ್ನೆ ಹಾಕಿಸಿದ್ದು ಕಾನೂನು.

“ಇಲ್ಲ” ಎಂದೆ. ತಮಿಳಿನವರಿಗೂ ತಿಳಿಯುವ ಮಾತು.

“ಹೂಂ ಅನ್ನಮ್ಮ, ಅವ್ರು ಕಾಯ್ತಾವ್ರೆ” ಎಂದು ಬಾವ ಹಲ್ಲು ಕಚ್ಚಿದರು.

“ಅವ್ರು ಕೇಳಿದ್ರು, ನಾನು ಹೇಳ್ದೆ.”

ರಿಜಿಸ್ಟ್ರಾರರು ಆಗ ತಲೆ ಎತ್ತಿದರು. ನನ್ನ ಮುಖ ನೋಡಿ, ಕಾಗದವನ್ನು ಮಡಚಿ ಬಾವನ ಕಡೆಗೆ ತಳ್ಳಿದರು.

ಬಾವ ನನ್ನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಭಯವಾಯಿತು, ಸುಳ್ಳು ಹೇಳಲಾರೆ. ಆದರೂ ಕೆಲಮಂಗಲದವರೆಗೆ ನಡೆದೆ, ಟೀಚರಮ್ಮನ ಮನೆಯಲ್ಲಿ ಮಲಗಿ ಬೆಳಿಗ್ಗೆ ಮತ್ತೆ ನಡೆದೆ. ಮಾವನ ಮನೆಗೆ ಹೋಗಲಿಲ್ಲ. ರಾಗಿ ಕೊಯ್ದು ಬರಿದಾಗಿದ್ದ ನನ್ನ ಹೊಲಕ್ಕೆ ಹೋಗಿ, ಇಲ್ಲಿಂದ ಏಳು ಅನ್ನುವವರು ಬಂದು ಅನ್ನಲಿ ಎಂದು ಬದುವಿನ ಮೇಲೆ ಕೂತುಕೊಂಡೆ.