ಜಲಜಕ್ಕ ಕೂತ ಮಧ್ಯಾಹ್ನ

ಇಸ್ಪೀಟು ಆಡುವ ಗಂಡಸಿಗೆ ಯಾರೂ ಹುಚ್ಚು ಅನ್ನುವುದಿಲ್ಲ. ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಗಿ ಬೋಟುಗಳೆಲ್ಲ ದಡ ಸೇರಿದವೆಂದರೆ ಕಿರಿಮಂಜೇಶ್ವರದ ಕಡಲ ಬದಿಯ ಜಗಲಿ ಜಗಲಿಯಲ್ಲೂ ಎಲೆ ಬೀಳುತ್ತದೆ. ಬೆಳಿಗ್ಗೆ ಕೂತವರು ಊಟಕ್ಕೆ ಏಳುತ್ತಾರೆ, ಉಂಡವರು ಮತ್ತೆ ಕೂರುತ್ತಾರೆ. ಕೇಳಿದರೆ ಬೇಜಾರು ಕಳೆಯಬೇಕಲ್ಲ ಅನ್ನುತ್ತಾರೆ. ಇದಕ್ಕೆ ಯಾರ ತಕರಾರೂ ಇಲ್ಲ. ಆದರೆ ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಮೀನು ಮಾರುವ ಜಲಜ ತನ್ನ ಮನೆಯೊಳಗೆ, ತನ್ನ ಚಾಪೆಯ ಮೇಲೆ ಕೂತು ಟಿ.ವಿ.ಗೆ ಸಿಕ್ಕಿಸಿದ ಒಂದು ಹಳೆಯ ವೀಡಿಯೋ ಗೇಮ್ ಆಡಿದಳು ನೋಡಿ, ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ನಲವತ್ತೈದು ದಾಟಿದ ಹೆಂಗಸಂತೆ, ಕಾಲೇಜಿಗೆ ಹೋಗುವ ಮಗಳಿರುವವಳಂತೆ, ಟಿ.ವಿ. ಎದುರು ಕೂತು ಕೈ ಕುಣಿಸುತ್ತಾಳಂತೆ. ಅಂತೆ ಅಂತೆ ಎಂದವರಲ್ಲಿ ಒಬ್ಬರಾದರೂ ಅವಳ ಬುಟ್ಟಿಯನ್ನು ಒಂದು ಫರ್ಲಾಂಗು ಹೊತ್ತವರಲ್ಲ.

ಆ ಬುಟ್ಟಿ ತಾಯಿ ಬೆಳ್ಳಿಯ ತಲೆಯಿಂದ ಜಲಜಳ ತಲೆಗೆ ಬಂದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಬೆಳ್ಳಿಯ ಮೊಣಕಾಲು ಕೈಕೊಟ್ಟಿತು, ಮಗಳ ಶಾಲೆ ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಗಂಗೊಳ್ಳಿ ಬಂದರಿನಲ್ಲಿ ಕೂಗಾಡಿ ಮೀನು ತೆಗೆದುಕೊಳ್ಳುವುದು, ಬಸ್ಸು ಹತ್ತಿ ವಂಡ್ಸೆಯ ಕಡೆ ಹೋಗುವುದು, ಅಲ್ಲಿ ಗುಡ್ಡ ಹತ್ತಿಳಿದು ಮನೆ ಮನೆಗೆ ಮಾರುವುದು. ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಹಿಂದೆ ಹೋಗು ಅನ್ನುವವರೇ ಮನೆಯಂಗಳದಲ್ಲಿ ಒಂದೊಂದು ಬಂಗುಡೆಯ ಕಿವಿರನ್ನೂ ಎತ್ತಿ ನೋಡಿ, ಹಿಚುಕಿ, ಬೇಡ ಅನ್ನುತ್ತಿದ್ದರು. ಜಲಜ ಅವರಿಗೆ ಸರಿಯಾಗಿಯೇ ಉತ್ತರ ಕೊಡುತ್ತಿದ್ದಳು. ಬಾಯಿ ಜೋರು ಎಂಬ ಹೆಸರು ಬಂತು. ಬರಲಿ. ಬಾಯಿ ಮೆತ್ತಗಿದ್ದ ಮೀನುಗಾರ್ತಿಯನ್ನು ಜನ ಮೀನಿಗಿಂತ ಮೊದಲೇ ಹುರಿದು ತಿನ್ನುತ್ತಾರೆ.

ವೀಡಿಯೋ ಗೇಮ್ ಬಂದದ್ದು ಮುಂಬೈಯಿಂದ. ಜಲಜಳ ಅಕ್ಕ ಕುಸುಮ ಅಲ್ಲಿ ಸಂಸಾರ ಹೂಡಿದ್ದಳು. ಮೇ ತಿಂಗಳಲ್ಲಿ ಊರಿಗೆ ಬರುವಾಗ ತನ್ನ ಮಕ್ಕಳಿಗೆ ಬೇಡವಾದದ್ದೆಲ್ಲ ಗಂಟು ಕಟ್ಟಿ ತರುವ ರೂಢಿ: ಸಣ್ಣದಾದ ಅಂಗಿ, ಅರ್ಧ ಬಳಸಿದ ಪೌಡರು, ಚಕ್ರ ಹೋದ ಕಾರು. ತೊಂಬತ್ತೆಂಟರ ಗಂಟಿನಲ್ಲಿ ಈ ಪೆಟ್ಟಿಗೆಯೂ ಇತ್ತು. ಜಲಜಳ ಗಂಡ ಸೂರ ಅದನ್ನು ನೋಡಿದವನೇ, ಇದನ್ನು ಹಾಕಿದರೆ ಟಿ.ವಿ.ಯ ಪಿಕ್ಚರ್ ಟ್ಯೂಬು ಹೋಗುತ್ತದೆ ಎಂದು ತೀರ್ಪು ಕೊಟ್ಟು ಅಟ್ಟಕ್ಕೆ ಹಾಕಿದ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದೇ ತೀರ್ಪು. ಪೆಟ್ಟಿಗೆ ಅಟ್ಟದಲ್ಲಿ ಒಣಮೀನಿನ ವಾಸನೆ ಕುಡಿಯುತ್ತ ವರ್ಷಗಟ್ಟಲೆ ಬಿದ್ದುಕೊಂಡಿತು. ಊರಿಗೆ ಡಿಶ್ ಬಂತು, ಮೊಬೈಲ್ ಬಂತು, ಸೂರ ಜಗಲಿಯ ಪಕ್ಕದ ಚಾವಡಿಗೆ ಹೊಸ ಚಪ್ಪಟೆ ಟಿ.ವಿ. ತಂದ. ಹಳೆಯದು ಒಳಕೋಣೆಯ ಮೂಲೆ ಸೇರಿತು. ಅದರ ಪಿಕ್ಚರ್ ಟ್ಯೂಬಿನ ಚಿಂತೆ ಈಗ ಯಾರಿಗೂ ಇರಲಿಲ್ಲ.

ಆ ಜೂನಿನಲ್ಲಿ ಒಣಮೀನು ಇಡಲು ಅಟ್ಟ ಗುಡಿಸುವಾಗ ಪೆಟ್ಟಿಗೆ ಜಲಜಳ ಕೈಗೆ ಸಿಕ್ಕಿತು. ಮಗಳು ಮೋಕ್ಷಿತಾ ವಯರು ಸಿಕ್ಕಿಸಿ, ಆಟದ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಒಳಗೆ ತಳ್ಳಿದಳು. ಹಳೆಯ ಟಿ.ವಿ.ಯಲ್ಲಿ ಬಣ್ಣ ಬಂತು, ಕಿರಿಕಿರಿ ಸಂಗೀತವೂ ಬಂತು. ಮಗಳು ಸ್ವಲ್ಪ ಹೊತ್ತು ಆಡಿ ಕೈಬಿಟ್ಟಳು.

“ಇದ್ ಓಬೀರಾಯನ್ ಕಾಲದ್ದ್ ಅಮ್ಮ. ಈಗ ಯಾರೂ ಆಡುದಿಲ್ಲ.”

“ಯಾರೂ ಆಡ್ದಿರೆ ಒಳ್ಳೇದೇ ಆಯ್ತ್. ತಾ ಇಲ್ಲಿ,” ಎಂದಳು ಜಲಜ.

ಆಟದಲ್ಲಿ ಮೂಟೆ ಹೊತ್ತ ಒಬ್ಬ ಪುಟ್ಟ ಮನುಷ್ಯ. ಅವನು ಗುಡ್ಡ ಹತ್ತಬೇಕು. ಮೇಲಿಂದ ಕಲ್ಲು ಉರುಳುತ್ತದೆ, ಹಕ್ಕಿ ಬಂದು ಮೂಟೆ ಎಳೆಯುತ್ತದೆ, ಕಾಲಡಿಯ ಹಲಗೆ ಮುರಿಯುತ್ತದೆ. ಒಂದು ಗುಡ್ಡ ಮುಗಿದರೆ ಅದಕ್ಕಿಂತ ಕಡಿದಾದ ಇನ್ನೊಂದು. ಬಂದರಿನಲ್ಲಿ ಐಸು ಹೊರುವ ಕುಷ್ಟನೆಂಬವನು ಹೀಗೇ ಸೊಂಟ ಬಗ್ಗಿಸಿ ಓಡುತ್ತಾನೆಂದು ಜಲಜ ಅವನಿಗೆ ಕುಷ್ಟ ಎಂದೇ ಹೆಸರಿಟ್ಟಳು. ಮೊದಲ ದಿನ ಕುಷ್ಟ ಮೊದಲ ಕಲ್ಲಿಗೇ ಸತ್ತ. ಮತ್ತೆ ಸತ್ತ. “ಕಣ್ಣ್ ಕಾಣ್ತಿಲ್ಯಾ ನಿಂಗೆ!” ಎಂದು ಬೈದಳು. ಆಮೇಲೆ ಅವಳ ಹೆಬ್ಬೆರಳಿಗೆ ಹದ ಸಿಕ್ಕಿತು. ಕಲ್ಲು ಉರುಳುವ ಮೊದಲು ಒಂದು ಸಣ್ಣ ಸದ್ದು ಬರುತ್ತದೆಂದು ಗೊತ್ತಾಯಿತು. ಹಕ್ಕಿಯನ್ನು ಹತ್ತಿರ ಬರಗೊಟ್ಟು ತಟ್ಟನೆ ಬಗ್ಗಬೇಕೆಂದು ಗೊತ್ತಾಯಿತು. ಕುಷ್ಟ ಮೊದಲ ಸಲ ಗುಡ್ಡ ದಾಟಿದಾಗ ಅವಳು ಕೂತಲ್ಲೇ ಚಪ್ಪಾಳೆ ಹೊಡೆದು ನಕ್ಕಳು. ಪಡಸಾಲೆಯಲ್ಲಿ ಬಲೆಯ ನೂಲು ಸುತ್ತುತ್ತಿದ್ದ ಮುದುಕಿ ಬೆಳ್ಳಿ ಹೆದರಿ ಎದ್ದು ಬಂದಳು. ಮಗಳು ಹಾಗೆ ನಕ್ಕದ್ದನ್ನು ಅವಳು ಯಾವ ಕಾಲದಲ್ಲಿ ಕೇಳಿದ್ದಳೋ.

ಅಷ್ಟು ಖುಷಿ ಜಲಜಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ, ಇದನ್ನು ನೇರವಾಗಿಯೇ ಹೇಳಬೇಕು. ಒಣಮೀನಿನ ವ್ಯಾಪಾರ ಮುಗಿಸಿ ಬಸ್ಸಿನಲ್ಲಿ ಬರುವಾಗ ಬೆರಳು ತಾವಾಗಿಯೇ ಆಡುತ್ತಿದ್ದವು. ಆದರೆ ಆ ಆಟಕ್ಕೆ ಒಂದು ಕೆಟ್ಟ ಗುಣ ಇತ್ತು. ಎಲ್ಲಿಗೆ ಬಂದೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಸ್ವಿಚ್ಚು ಆರಿಸಿದರೆ ಮುಗಿಯಿತು, ಮತ್ತೆ ಬುಡದಿಂದ ಹತ್ತಬೇಕು. ಎಲ್ಲ ಗುಡ್ಡ ದಾಟಿ ತುದಿ ನೋಡಬೇಕೆಂದರೆ ಒಂದೇ ಸಲಕ್ಕೆ ಸುಮಾರು ಎರಡು ತಾಸು ಎದ್ದೇಳದೆ ಕೂರಬೇಕು.

ಆಗ ಗೊತ್ತಾಯಿತು ಜಲಜಳಿಗೆ, ಆ ಮನೆಯಲ್ಲಿ ಎರಡು ತಾಸು ಕೂರುವ ಹಕ್ಕು ತನಗಿಲ್ಲ ಎಂದು. ಕುಷ್ಟ ಮೂರನೇ ಗುಡ್ಡದಲ್ಲಿರುವಾಗ ಜಗಲಿಯಲ್ಲಿ ಇಸ್ಪೀಟಿಗೆ ಕೂತ ಸೂರನಿಂದ ಚಾ ಬೇಕು ಎಂಬ ಕೂಗು. ನಾಲ್ಕನೆಯದರಲ್ಲಿರುವಾಗ ಬೆಂಕಿಪೆಟ್ಟಿಗೆ ಎಲ್ಲಿ ಎಂಬ ಕೂಗು. ಒಂದು ಸಂಜೆ ಕೊನೆಯ ಗುಡ್ಡದ ಬುಡಕ್ಕೆ ಬಂದಿದ್ದಳು, ದೀಪ ಹಚ್ಚುವ ಹೊತ್ತಾಯಿತೆಂದು ಬೆಳ್ಳಿಯೇ ಬಂದು ಸ್ವಿಚ್ಚು ಆರಿಸಿದಳು. ಜಲಜ ತಾಯಿಯ ಮುಖವನ್ನೇ ನೋಡಿದಳು, ಹಿತ್ತಲಿಗೆ ಹೋಗಿ ಎರಡು ಕೊಡ ನೀರು ಸುಮ್ಮನೆ ಸೇದಿ ಸುಮ್ಮನೆ ಚೆಲ್ಲಿದಳು. ಚಾವಡಿಯಲ್ಲಿ ಹೊಸ ಟಿ.ವಿ. ಕೂಗುತ್ತಲೇ ಇತ್ತು, ಅದಕ್ಕೆ ದೀಪದ ಹೊತ್ತು ಅಡ್ಡ ಬರಲಿಲ್ಲ.

ಜುಲೈ ಕೊನೆಗೆ ಬಂತು. ಬಂದ್ ಮುಗಿದರೆ ಬೋಟು ಇಳಿಯುತ್ತದೆ, ಬುಟ್ಟಿ ತಲೆಗೇರುತ್ತದೆ, ಆಮೇಲೆ ಆಟವೂ ಇಲ್ಲ ಗೀಟವೂ ಇಲ್ಲ. ಜಲಜ ಒಂದು ಭಾನುವಾರವನ್ನು ಗುರುತು ಹಾಕಿಕೊಂಡಳು. ಬೆಳಿಗ್ಗೆಯೇ ಗಂಜಿ, ನೆಂಚಿಕೊಳ್ಳಲು ಪದಾರ್ಥ ಮಾಡಿಟ್ಟಳು. ಮಧ್ಯಾಹ್ನದ ಪಾತ್ರೆ ತೊಳೆದಳು. ಚಾ ಮಾಡಿ ಫ್ಲಾಸ್ಕಿಗೆ ತುಂಬಿ ಜಗಲಿಯ ಬಾಗಿಲಿನ ಹತ್ತಿರ ಇಟ್ಟಳು, ಲೋಟವನ್ನೂ ಇಟ್ಟಳು. ಎಲೆ ಕಲಸುತ್ತಿದ್ದ ಸೂರನಿಗೂ, ಅವನ ಬೋಟಿನ ಜೊತೆಗಾರರಾದ ಮಂಜ, ಕಿಟ್ಟರಿಗೂ ಕೇಳುವಂತೆ ಹೇಳಿದಳು:

“ಹ್ವಾಯ್, ಇವತ್ತ್ ನನ್ನ ಕರಿಬೇಡಿ. ಚಾ ಫ್ಲಾಸ್ಕಂಗೆ ಇತ್ತ್, ಹಾಕ್ಕಣಿ.”

“ಆಯ್ತ್ ಹೋಗೆ,” ಎಂದ ಸೂರ, ಎಲೆಯಿಂದ ಕಣ್ಣೆತ್ತದೆ.

ಅವತ್ತು ಕುಷ್ಟನಿಗೆ ರೆಕ್ಕೆ ಬಂದಿತ್ತು. ಕಲ್ಲುಗಳು ಪಕ್ಕದಿಂದ ಹೋದವು, ಹಕ್ಕಿಗಳು ಬರಿ ಕೊಕ್ಕಿನಲ್ಲಿ ವಾಪಸಾದವು. ಕೊನೆಯ ಗುಡ್ಡಕ್ಕೆ ಕಾಲಿಟ್ಟಾಗ ಜಗಲಿಯಿಂದ ಸೂರನ ಗಂಟಲು ಕೇಳಿತು.

“ಹ್ವಾಯ್ ಜಲಜಾ, ಎರಡ್ ಒಣಮೀನ್ ಹುರ್ಕಂಡ್ ಬಾ ಕಾಂಬ!”

ಜಲಜ ಉತ್ತರಿಸಲಿಲ್ಲ. ಉತ್ತರಿಸಿದರೆ ಕಲ್ಲಿನ ಸದ್ದು ತಪ್ಪುತ್ತಿತ್ತು. ಇನ್ನೊಂದು ಸಲ ಕೂಗಿದ. ಕುಷ್ಟ ಅರ್ಧ ಗುಡ್ಡ ಏರಿದ್ದ. ಹೊರಗೆ ಕಿಟ್ಟ ಕಿಸಕ್ಕನೆ ನಕ್ಕದ್ದು ಕೇಳಿತು: “ಈ ಮನಿಯಂಗೆ ನಿನ್ನ್ ಮಾತ್ ನೆಡೂದಿಲ್ಲ ಮಾರಾಯಾ!”

ಅಷ್ಟೇ. ಟಪ್ ಎಂದು ಟಿ.ವಿ. ಸತ್ತಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಜಲಜ ಕರೆಂಟು ಹೋಯಿತೆಂದುಕೊಂಡಳು. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಬಲ್ಬು ಉರಿಯುತ್ತಿದೆ. ಜಗಲಿಯಲ್ಲಿ ಮೂವರೂ ಸೇರಿ ನಗುತ್ತಿದ್ದಾರೆ.

ಎದ್ದು ಹೊರಗೆ ಬಂದಳು. ಜಗಲಿಯ ಗೋಡೆಯ ಮೀಟರು ಬೋರ್ಡಿನಲ್ಲಿ ಫ್ಯೂಸು ಇರಲಿಲ್ಲ. ಅದು ಸೂರನ ಮಡಿಲಲ್ಲಿತ್ತು. ಅವನು ಎಲೆಗಳನ್ನು ಬೀಸಣಿಗೆಯಂತೆ ಹಿಡಿದು, ಈಗ ಬಂದೆಯಲ್ಲ ಎಂಬ ಮುಖ ಮಾಡಿ ಕೂತಿದ್ದ. ಜಲಜಳ ಪಿತ್ತ ನೆತ್ತಿಗೇರಿತು. ವಂಡ್ಸೆಯ ಅಂಗಳಗಳಲ್ಲಿ, ಬಸ್ಸಿನ ಹಿಂದಿನ ಬಾಗಿಲಲ್ಲಿ, ಬಂದರಿನ ಕೆಸರಲ್ಲಿ ಕೇಳಿಸಿಕೊಂಡದ್ದೆಲ್ಲ ಒಟ್ಟಿಗೆ ನೆನಪಾಯಿತು. ಆದರೆ ಬಾಯಿ ಜೋರಿನ ಜಲಜ ಅವತ್ತು ಕೂಗಲಿಲ್ಲ. ಬಗ್ಗಿದಳು, ಚಾಪೆಯ ಮೇಲಿದ್ದ ಎಲೆ ಬಾಚಿದಳು, ಸೂರನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡಳು, ಮಂಜನದ್ದು, ಕಿಟ್ಟನದ್ದು, ಎಲ್ಲ ಒಂದು ಮಾಡಿ ಎರಡೂ ಕೈಯಲ್ಲಿ ಕಲಸಿಬಿಟ್ಟಳು.

ಕಿಟ್ಟ ಚೇಳು ಕಚ್ಚಿದವನಂತೆ ಹಾರಿ ಎದ್ದ. “ಅಯ್ಯೋ ಜಲಜಕ್ಕ, ಎಂತ ಮಾಡ್ದೆ ನೀನ್! ನಾನ್ ಗೆಲ್ತಿದ್ದೆ! ಬೆಳಿಗ್ಗೆಯಿಂದ ಕೂಕಂಡಿದ್ದ್!”

“ನಾನೂ ಗೆಲ್ತಿದ್ದೆ,” ಎಂದಳು ಜಲಜ.

ಯಾರೂ ನಗಲಿಲ್ಲ. ಸೂರ ಮಾತ್ರ ಗೆಳೆಯರ ಎದುರು ಸೋಲಲಾರದೆ ಮುಖ ಕೆಂಪು ಮಾಡಿಕೊಂಡು, “ಅದ್ ಮಕ್ಕಳ್ ಆಟ, ಇದಕ್ಕೂ ಅದಕ್ಕೂ ಎಂತ ಸಮ? ಗಂಡಸ್ರ್ ಕೂಕಂಡಲ್ಲ್ ಬಂದ್...” ಎಂದು ಶುರು ಮಾಡಿದ.

“ಕೂಕಂಡದ್ದ್ ಯಾರ್ ಜಗಲಿಯಂಗೆ?” ಜಲಜ ನಡುವೆಯೇ ತಡೆದಳು. “ಈ ಮನಿ ನನ್ನಬ್ಬಿದ್, ನನ್ನ್ ಅಮ್ಮಂದ್. ಆ ಮೀಟರ್ ನನ್ನಬ್ಬಿ ಹೆಸ್ರಂಗೆ ಇತ್ತ್. ನೀವ್ ಮದಿ ಆಯಿ, ಮನೆ ಅಳಿಯ ಆಯಿ ಬಂದವ್ರ್ ಇಲ್ಲಿಗೆ. ಇಷ್ಟ್ ವರ್ಷ ಈ ಮಾತ್ ಒಂದ್ ಸಲ ಆಡಿದ್ನಾ ನಾನ್? ಹೇಳಿ, ಆಡಿದ್ನಾ? ಇವತ್ತ್ ಆಡ್ಸಿದ್ರಿ. ಫ್ಯೂಸ್ ಹಾಕಿ.”

ಮಳೆ ಹೆಂಚಿನ ಮೇಲೆ ಬಡಿಯುತ್ತಿತ್ತು. ಸೂರ ಹೆಂಡತಿಯ ಮುಖ ನೋಡಿದ, ಬಾಗಿಲಲ್ಲಿ ಬಂದು ನಿಂತ ಅತ್ತೆ ಬೆಳ್ಳಿಯ ಮುಖ ನೋಡಿದ. ಮುದುಕಿ ಫ್ಯೂಸು ಇರಬೇಕಾದ ಜಾಗವನ್ನೇ ನೋಡುತ್ತಿದ್ದಳು. ಅವನು ಎದ್ದು ಫ್ಯೂಸು ಹಾಕಿದ. ಮಂಜ, ಕಿಟ್ಟ ಕೊಡೆ ಬಿಡಿಸಿ ಹೊರಟರು. ಒಣಮೀನಿನ ಮಾತು ಯಾರೂ ಎತ್ತಲಿಲ್ಲ.

ಜಲಜ ಒಳಗೆ ಹೋಗಿ ಮತ್ತೆ ಬುಡದಿಂದ ಶುರು ಮಾಡಿದಳು. ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಸಿಟ್ಟಿನಲ್ಲೇ ಹಾರಿದಳು, ಸಿಟ್ಟಿನಲ್ಲೇ ಬಗ್ಗಿದಳು. ಬೆಳ್ಳಿ ಬಂದು ಪಕ್ಕದಲ್ಲಿ ಕಾಲು ನೀಡಿ ಕೂತಳು. ಹೊರಗೆ ಕತ್ತಲಾಗುತ್ತ ಬಂತು. ದೀಪದ ಹೊತ್ತಿಗೆ ಮೋಕ್ಷಿತಾ ತಾನೇ ದೀಪ ಹಚ್ಚಿದಳು, ಸ್ವಿಚ್ಚಿಗೆ ಯಾರೂ ಕೈಹಾಕಲಿಲ್ಲ.

ಕೊನೆಯ ಹಲಗೆ ಮುರಿಯುವ ಮೊದಲೇ ಕುಷ್ಟ ಹಾರಿದ. ಮೇಲೆ ಕಲ್ಲಿರಲಿಲ್ಲ, ಹಕ್ಕಿಯೂ ಇರಲಿಲ್ಲ. ಬರೀ ನೀಲಿ ಆಕಾಶ. ಪಟಾಕಿ ಹಾರುತ್ತದೆಯೋ, ರಾಜ ಬಂದು ಹಾರ ಹಾಕುತ್ತಾನೋ ಎಂದು ಜಲಜ ಉಸಿರು ಹಿಡಿದು ಕಾದಳು. ಅಂಥದ್ದೇನೂ ಆಗಲಿಲ್ಲ. ಕುಷ್ಟ ಬೆನ್ನ ಮೇಲಿನ ಮೂಟೆಯನ್ನು ಕೆಳಗಿಟ್ಟ. ಅದರ ಪಕ್ಕದಲ್ಲಿ ಕೂತ. ಕಾಲು ಚಾಚಿದ. ಸಂಗೀತ ನಿಂತಿತು.

“ಕೂಕಂಡ ಕಾಣ್, ಹೆಣ್ಣೇ,” ಎಂದಳು ಬೆಳ್ಳಿ, ತನ್ನ ಮೊಣಕಾಲು ನೀವಿಕೊಳ್ಳುತ್ತ.

ಜಲಜಳ ಕಣ್ಣಲ್ಲಿ ನೀರು ಬಂತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು, ಸೆರಗಿನಲ್ಲಿ ಗಸಗಸ ಒರೆಸಿಕೊಂಡಳು. ಅಷ್ಟರಲ್ಲಿ ಸೂರ ಬಾಗಿಲಿಗೆ ಬಂದ. ಬೆಕ್ಕಿನಷ್ಟು ಮೆತ್ತಗೆ ಕೇಳಿದ.

“ಮುಗೀತಲ್ಲ. ಆರ್ಸಲಾ?”

“ಮುಟ್ಬೇಡಿ!” ಜಲಜ ತಿರುಗಿಯೂ ನೋಡಲಿಲ್ಲ. “ಅವ ಈಗ ಕೂಕಂಡದ್ದ್. ಯಾರಾರೂ ಎಬ್ಸಿರೆ ಕೈ ಮುರಿತೆ.”